ಗೂರ್ಖಾನ ಮಗನಿಗೆ ಕನ್ನಡ ಪಾಠ!

ನಮ್ಮ ಸಿನಿಮಾಗಳಲ್ಲಿ ಗೂರ್ಖಾ ಪಾತ್ರ ನೋಡದವರು ಯಾರಿದ್ದಾರೆ ಹೇಳಿ? ತಲೆಗೊಂದು ಟೋಪಿ, ಕೈಯಲ್ಲಿ ಲಾಠಿ, ಬಾಯಿ ಬಿಟ್ಟರೆ 'ಸಲಾಂ ಶಾಬ್'! ಹೀರೋ ಕಾಂಪೌಂಡ್ ಹಾರುವಾಗ ಇವನು ಸ್ಟೂಲಿನ ಮೇಲೆ ಗೊರಕೆ ಹೊಡೀತಿರಬೇಕು. ವಿಲನ್ ಕಡೆಯವರು ನುಗ್ಗಿದರೆ ಮೊದಲ ಏಟು ಇವನಿಗೇ. ಥಿಯೇಟರ್ ಗೊಳ್ ಅನ್ನುತ್ತೆ. ಆ ಗೂರ್ಖಾನಿಗೂ ಒಂದು ಊರಿದೆ, ಅಲ್ಲಿ ಹೆಂಡತಿ ಮಕ್ಕಳು ಫೋನು ಹಿಡಿದು ಕಾಯ್ತಿರ್ತಾರೆ ಅಂತ ಕ್ಯಾಮೆರಾ ಆ ಕಡೆ ತಿರುಗಿದ್ದನ್ನು ಮಾತ್ರ ನಾನು ಕಾಣೆ.

ನಾನೀಗ ಕೂತು ಬರೆಯುತ್ತಿರುವುದು ಅಂಥದ್ದೇ ಊರಿನಿಂದ. ನೇಪಾಳದ ದೂರಪಶ್ಚಿಮ ಪ್ರಾಂತ್ಯ, ಡೋಟಿ ಜಿಲ್ಲೆ. ದೇವಾನಂದ್ 1971ರಲ್ಲಿ 'ಹರೇ ರಾಮ ಹರೇ ಕೃಷ್ಣ'ದಲ್ಲಿ ತೋರಿಸಿದ ಕಠ್ಮಂಡು ಬೇರೆ, ಇದು ಬೇರೆ. ಇಲ್ಲಿಗೆ ಹಿಪ್ಪಿಗಳೂ ಬರಲ್ಲ, ಟೂರಿಸ್ಟುಗಳೂ ಅಪರೂಪ. ಇನ್ನು 'ಗೂರ್ಖಾ' ಅನ್ನೋ ಹೆಸರು ಬಂದ ಗೋರ್ಖಾ ಊರು ಇಲ್ಲಿಂದ ಬಹಳ ದೂರ, ಪೂರ್ವಕ್ಕಿದೆ. ಡೋಟಿಯವನನ್ನು ಗೂರ್ಖಾ ಅಂತ ಕರೆಯೋದು ಬೀದರಿನವನನ್ನು 'ಏನ್ ಮಂಗಳೂರೂ' ಅಂತ ಕರೆದ ಹಾಗೆ!

ದಾರಿ ಕೇಳ್ತೀರಾ? ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ಕಳೆದು ಡೆಲ್ಲಿ. ಆನಂದ ವಿಹಾರದಲ್ಲಿ ರಾತ್ರಿ ಬಸ್ಸು ಹಿಡಿದರೆ ಬೆಳಗ್ಗೆ ಬನಬಸಾ. ಅಲ್ಲಿ ಶಾರದಾ ನದಿಯ ಬ್ಯಾರೇಜ್ ದಾಟಿದರೆ ನೇಪಾಳ. ಅದೇ ನದಿಗೆ ಆ ದಡದಲ್ಲಿ ಮಹಾಕಾಳಿ ಅಂತ ಹೆಸರು. ವೀಸಾ ಬೇಡ, ಗುರುತಿನ ಚೀಟಿ ಇದ್ದರೆ ಸಾಕು. 1950ರ ಒಪ್ಪಂದದ ಪುಣ್ಯ. ನಮ್ಮ ನೂರು ರೂಪಾಯಿಗೆ ಅವರ 160. ಗಡಿಯಾರ ಹದಿನೈದೇ ನಿಮಿಷ ಮುಂದೆ, ಕ್ಯಾಲೆಂಡರ್ ಮಾತ್ರ 57 ವರ್ಷ ಮುಂದೆ! ಮಹೇಂದ್ರನಗರದಿಂದ ಹೊರಟ ಬಸ್ಸು ಅತ್ತರಿಯಾದಲ್ಲಿ ಎಡಕ್ಕೆ ತಿರುಗಿ ಬೆಟ್ಟ ಹತ್ತೋಕೆ ಶುರು ಮಾಡಿದರೆ... ನಮ್ಮ ಚಾರ್ಮಾಡಿ ಘಾಟಿಯನ್ನು ಇಡೀ ದಿನ ಎಳೆದ ಹಾಗೆ. ಡಡೆಲ್‌ಧುರಾ ದಾಟಿ, ಸೇತಿ ನದಿಯ ದಂಡೆಯ ದಿಪಾಯಲ್‌ಗೆ ಇಳಿದು, ಮತ್ತೆ ಸಿಲ್ಗಢಿಗೆ ಹತ್ತಿ, ಅಲ್ಲಿಂದ ಜೀಪು. ಸೊಂಟ ಇದ್ದವರು ಬರಬಹುದು.

ನಾನಿಲ್ಲಿ ಮೂರು ತಿಂಗಳಿಗೆ ಸಂಬಳವಿಲ್ಲದ ಮೇಷ್ಟ್ರು. ಸರ್ಕಾರಿ ಶಾಲೆ, ಒಂದರಿಂದ ಎಂಟು. 2022ರ ನವೆಂಬರ್ 9ರ ಭೂಕಂಪದಲ್ಲಿ ಬಿರುಕು ಬಿಟ್ಟ ಗೋಡೆ, ಅದರ ಪಕ್ಕದಲ್ಲೇ ಬೋರ್ಡು. ಮೂರು, ನಾಲ್ಕು, ಐದನೇ ಕ್ಲಾಸಿಗೆ ಇಂಗ್ಲಿಷು, ಲೆಕ್ಕ. ಇನ್ನು ಒಂಬತ್ತೇ ದಿನ. ದಸರೆಗೆ, ಅಂದರೆ ಇವರ ದಶೈಂಗೆ ಶಾಲೆ ಮುಚ್ಚುತ್ತೆ, ನನ್ನ ಗಂಟುಮೂಟೆಯೂ ಕಟ್ಟುತ್ತೆ.

ಅಂದ ಹಾಗೆ, ವಿದೇಶದಿಂದ ನೇಪಾಳಕ್ಕೆ ಸೇವೆಗೆ ಬರುವವರಲ್ಲಿ ಬಹಳ ಜನ ಕಠ್ಮಂಡು, ಪೊಖರಾದ ಅನಾಥಾಲಯಗಳಿಗೇ ಹೋಗ್ತಿದ್ದರು. 1996ರಿಂದ 2006ರವರೆಗಿನ ಅಂತರ್ಯುದ್ಧದಲ್ಲಿ ದಲ್ಲಾಳಿಗಳು ಬೆಟ್ಟದ ಊರುಗಳಿಂದ ಮಕ್ಕಳನ್ನು 'ಓದಿಸ್ತೀವಿ' ಅಂತ ಕರೆತಂದು, ಅಪ್ಪ ಅಮ್ಮ ಬದುಕಿದ್ದಾಗಲೇ ಅನಾಥರನ್ನಾಗಿ ಮಾಡಿಟ್ಟರು. ಅಂಥ ಕಡೆ ಒಂದು ತಿಂಗಳು ಮುದ್ದು ಮಾಡಿ ಫೋಟೋ ತೆಗೆಸಿಕೊಂಡು ಹೊರಟರೆ ಆ ಮಗುವಿನ ಗತಿ ಏನು? ನನ್ನ ಮಕ್ಕಳು ಸಂಜೆ ನಾಲ್ಕಕ್ಕೆ ಬ್ಯಾಗು ಎತ್ತಿಕೊಂಡು ಅಮ್ಮನ ಹತ್ತಿರ ಓಡ್ತಾರೆ. ನನಗೆ ಅದೇ ಸಮಾಧಾನ.

ಆದರೆ ಅಮ್ಮನ ಹತ್ತಿರ ಮಾತ್ರ! ಮೂವತ್ತು ಮಕ್ಕಳಿರುವ ನಾಲ್ಕನೇ ಕ್ಲಾಸಿನಲ್ಲಿ ಅಪ್ಪ ಮನೆಯಲ್ಲಿರುವವರು ಕೈ ಎತ್ತಿ ಅಂದರೆ ಎದ್ದದ್ದು ಏಳು ಕೈ. ಮಿಕ್ಕವರ ಅಪ್ಪಂದಿರು ಡೆಲ್ಲಿ, ಮುಂಬೈ, ಪುಣೆ, ಕತಾರ್... ಮತ್ತೆ ನಮ್ಮ ಬೆಂಗಳೂರು. ನೇಪಾಳದ ಒಟ್ಟು ಆದಾಯದ ಸುಮಾರು ಕಾಲು ಭಾಗದಷ್ಟು ದುಡ್ಡು ಹೀಗೆ ಹೊರಗೆ ಹೋದವರು ಕಳಿಸಿದ್ದು. ಕತಾರ್‌ಗೆ ಹೋಗೋಕೆ ಪರ್ಮಿಟ್ಟು, ಏಜೆಂಟು, ಸಾಲ. ನಮ್ಮ ದೇಶಕ್ಕೆ ಬರೋಕೆ ಬನಬಸಾ ಬಸ್ ಚಾರ್ಜು ಸಾಕು. ಬಡವರಲ್ಲಿ ಬಡವರು ನಮ್ಮ ಗೇಟಿಗೆ ಬರ್ತಾರೆ.

ಅದೇ ಕ್ಲಾಸಿನಲ್ಲಿ ಒಬ್ಬನಿದ್ದಾನೆ. ಹೆಸರು ಏನಾದರೂ ಇರಲಿ, ಊರೆಲ್ಲ ಕರೆಯೋದು 'ರಾಕಿ ಭಾಯ್'! 2022ರ ಕೆಜಿಎಫ್ ಎರಡನೇ ಭಾಗವನ್ನು ಹಿಂದಿಯಲ್ಲಿ, ಅಮ್ಮನ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ನಾನು ಬೆಂಗಳೂರಿನವನು ಅಂತ ಗೊತ್ತಾದ ದಿನವೇ ಎರಡು ಪ್ರಶ್ನೆ. ಒಂದು, ಯಶ್ ಮನೆ ನಿಮ್ಮ ಮನೆ ಹತ್ತಿರವಾ? ಎರಡು, ನಮ್ಮಪ್ಪನನ್ನು ನೋಡಿದ್ದೀರಾ?

ಅಪ್ಪ ಮಾರತ್ತಹಳ್ಳಿ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ನೈಟ್ ಡ್ಯೂಟಿ. ಬಂದು ಹೋಗಿ ಎರಡು ವರ್ಷ. ಈ ದಶೈಂಗೂ ಬರಲ್ಲ. ದೀಪಾವಳಿಗೆ ಅಲ್ಲೇ ಇದ್ದರೆ ಮನೆ ಮನೆಯಿಂದ ಇನಾಮು ಸಿಗುತ್ತಲ್ಲ, ಅದನ್ನು ಬಿಟ್ಟು ಹೇಗೆ ಬರೋದು? ಹುಡುಗ ಅತ್ತೂ ಇಲ್ಲ, ಹಟ ಮಾಡಿಯೂ ಇಲ್ಲ. 'ಸರ್, ನನಗೆ ಕನ್ನಡ ಹೇಳಿಕೊಡಿ, ಅಪ್ಪನಿಗೆ ಸರ್‌ಪ್ರೈಸ್ ಕೊಡ್ತೀನಿ' ಅಂದ.

ಶುರುವಾಯ್ತು ಪಾಠ! 'ಅಪ್ಪಾ, ಊಟ ಆಯ್ತಾ? ಆರಾಮಾ? ಯಾವಾಗ ಬರ್ತೀಯಾ?' ಸಿಗ್ನಲ್ ಸಿಗೋದು ಶಾಲೆಯ ಹಿಂದಿನ ಮೋಟು ಗೋಡೆ ಮೇಲೆ ಮಾತ್ರ. ಒಂದು ಶನಿವಾರ, ಇಲ್ಲಿ ಶನಿವಾರವೇ ರಜೆ, ಅಲ್ಲಿ ಕೂತು ನನ್ನ ಫೋನಿನಿಂದ ಹಚ್ಚಿದ. ಆ ಕಡೆಯಿಂದ 'ಹಲೋ' ಬಂತು. ಇವನು ಒಂದೇ ಉಸಿರಿಗೆ ಎಲ್ಲಾ ಕನ್ನಡ ಒಪ್ಪಿಸಿಬಿಟ್ಟ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಬಹಳ ಮರ್ಯಾದೆಯಿಂದ ಉತ್ತರ ಬಂತು ನೋಡಿ:

'ಹೇಳಿ ಸಾರ್, ಯಾವ ಫ್ಲ್ಯಾಟು?'

ಕ್ಲಾಸ್‌ಮೇಟುಗಳು ಬಿದ್ದು ಬಿದ್ದು ನಕ್ಕರು. ರಾಕಿ ಭಾಯ್ ಕೂಡ ನಕ್ಕ. 'ಬಾ, ನಾನು' ಅಂತ ಡೋಟಿಯಾಲಿಯಲ್ಲಿ ಹೇಳಿದ ಮೇಲೆ ಆ ಕಡೆಯ ಮಾತು ಕೇಳಿಸಲಿಲ್ಲ. ನಾನು ಎದ್ದು ಸ್ವಲ್ಪ ದೂರ ಹೋಗಿ ನಿಂತೆ.

ಆದರೆ ಹೆಡ್ ಸರ್‌ಗೆ ಈ ಕನ್ನಡ ಪಾಠ ಹಿಡಿಸಲಿಲ್ಲ. ಸುಮ್ಮಸುಮ್ಮನೆ ಸಿಟ್ಟಾಗುವ ಮನುಷ್ಯರಲ್ಲ ಅವರು. ಕಳೆದ ವಾರ ಎಂಟನೇ ಕ್ಲಾಸಿನ ಒಬ್ಬ ಹುಡುಗ ಬರಲಿಲ್ಲ. ಮೂರನೇ ದಿನ ಗೊತ್ತಾಯ್ತು, ಮಾವನ ಜೊತೆ ಬನಬಸಾ ದಾಟಿದ್ದಾನೆ, ಪುಣೆಯಲ್ಲಿ ಹೋಟೆಲ್ ಕೆಲಸವಂತೆ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಪೆನ್ನು ಹಿಡಿದು ಕೂತೇ ಕೇಳಿದರು: 'ನೀವು ಅವನಿಗೆ ಅಪ್ಪನ ಹತ್ತಿರ ಮಾತಾಡೋಕೆ ಕಲಿಸ್ತಿದ್ದೀರೋ, ಅಪ್ಪನ ಗೇಟಿಗೆ ಹೋಗೋ ದಾರಿ ಕಲಿಸ್ತಿದ್ದೀರೋ?'

ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಇನ್ನು ನಾಲ್ಕು ವರ್ಷಕ್ಕೆ ಇವನಿಗೂ ಎಂಟನೇ ಕ್ಲಾಸು. ನಾನು ಕನ್ನಡ ಕಲಿಸದಿದ್ದರೂ ರಸ್ತೆ ಅಲ್ಲೇ ಇರುತ್ತೆ. ಎರಡು ವರ್ಷದಿಂದ ಅಪ್ಪನ ಮುಖ ನೋಡದ ಹುಡುಗನಿಗೆ ನಾಲ್ಕು ಮಾತು ಬೇಡ ಅನ್ನೋಕೆ ನಾನ್ಯಾರು? ಪಾಠ ನಿಲ್ಲಿಸಲಿಲ್ಲ. ಜೊತೆಗೆ ದಿನಾ ಅರ್ಧ ಗಂಟೆ ಭಾಗಾಕಾರ ಹೆಚ್ಚಿಗೆ ಮಾಡಿಸ್ತಿದ್ದೇನೆ, ಅದಕ್ಕೆ ಅವನ ಗೊಣಗಾಟ ಬೇರೆ!

ಹೆಡ್ ಸರ್ ಇನ್ನೊಂದು ಮಾತು ಹೇಳಿದ್ದಾರೆ, ಅದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸ್ತಿದ್ದೇನೆ. 'ಹೊರಡುವಾಗ ಮತ್ತೆ ಬರ್ತೀನಿ ಅನ್ನಬೇಡಿ. ಇಲ್ಲಿ ಪ್ರತಿ ಮನೆಯಲ್ಲೂ ಹಾಗೆ ಹೇಳಿ ಹೋದವನೊಬ್ಬ ಇದ್ದಾನೆ.' ಅದಕ್ಕೇ ಹೊರಡುವ ತಾರೀಖನ್ನು ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿದ್ದೇನೆ. ದಿನಾ ಬೆಳಗ್ಗೆ ಒಬ್ಬರು ಬಂದು ಒಂದು ಅಂಕಿ ಅಳಿಸ್ತಾರೆ. ಸಿಲ್ಗಢಿಯಿಂದ ಹಬ್ಬಕ್ಕೆ ಬರುವವರ ಜೀಪುಗಳು ಈಗಲೇ ತುಂಬಿ ಹತ್ತುತ್ತಿವೆ. ಮೇಲೆ ಬಟ್ಟೆ ಗಂಟು, ಹೊಸ ಮಿಕ್ಸಿ, ಮಕ್ಕಳ ಸೈಕಲ್ಲು. ನಾನು ಇಳಿಯುವ ಜೀಪು ಖಾಲಿ ಇರುತ್ತಂತೆ.

ನಿನ್ನೆ ರಾಕಿ ಭಾಯ್ ವಾಯ್ ವಾಯ್ ನೂಡಲ್ಸಿನ ರಟ್ಟಿನ ಡಬ್ಬಿ ತಂದ. ಒಳಗೆ ಎರಡು ಕಿಲೋ ಭಟಮಾಸ್, ಅಂದರೆ ಸೋಯಾ ಕಾಳು. ಅಮ್ಮ ಹುರಿದು ಕಳಿಸಿದ್ದು, ಅಪ್ಪನಿಗೆ. ಡಬ್ಬಿ ಕೊಟ್ಟು ಕೇಳಿಯೇ ಬಿಟ್ಟ: 'ಸರ್, ಕಹಿಲೇ ಆಉನುಹುನ್ಛ?' ಮತ್ತೆ ಯಾವಾಗ ಬರ್ತೀರಿ?

'ಗೊತ್ತಿಲ್ಲ ಕಣೋ. ಆದ್ರೆ ಇಲ್ಲಿಂದ ಹೊರಟ ಆರನೇ ದಿನ ನಿಮ್ಮಪ್ಪನ ಗೇಟಲ್ಲಿ ಇರ್ತೀನಿ. ಇದು ಗ್ಯಾರಂಟಿ.'

ಬೆರಳು ಮಡಿಸಿ ಎಣಿಸಿದ. ಆಮೇಲೆ ಎಲ್ಲ ಗೊತ್ತಿದ್ದವನ ಹಾಗೆ ಹೇಳಿದ: 'ರಾತ್ರಿ ಎಂಟರ ಮೇಲೆ ಹೋಗಿ. ಎರಡನೇ ಗೇಟು. ಮುಂದಿನ ಗೇಟಿಗೆ ಹೋದರೆ ಬಿಡಲ್ಲ ಸರ್, ಬುಕ್ಕಲ್ಲಿ ಹೆಸರು ಬರೀಬೇಕು.'