ಪ್ರಶ್ನೆಗಳ ಕಣಜ

ಪ್ರಶ್ನೆ ಕೇಳುವುದು ಸುಲಭ, ಉತ್ತರ ಹೇಳುವುದೇ ಕಷ್ಟ ಎಂಬ ನಂಬಿಕೆ ಲೋಕದಲ್ಲಿ ಬಲವಾಗಿ ಬೇರೂರಿದೆ. ಐದು ವರ್ಷದ ಮಗುವನ್ನು ಮನೆಯಲ್ಲಿಟ್ಟುಕೊಂಡಿರುವ ಯಾವ ತಾಯಿಯಾದರೂ ಈ ಮಾತಿಗೆ ಸಾಕ್ಷಿ ನುಡಿದಾಳು. ಆದರೆ ವಸ್ತಾರೆಯ ಕನ್ನಡ ಮೇಷ್ಟರನ್ನು ಕೇಳಿದರೆ ಅವರು ಸುಮ್ಮನೆ ನಕ್ಕುಬಿಡುತ್ತಾರೆ. ಒಂದೇ ಸರಿಯುತ್ತರವನ್ನೂ ಮೂರು ತಪ್ಪುತ್ತರಗಳನ್ನೂ ಹೊತ್ತು, ಯಾರ ಆಕ್ಷೇಪಣೆಗೂ ಅಲುಗದೆ ನಿಲ್ಲಬಲ್ಲ ಒಂದು ಪ್ರಶ್ನೆಯನ್ನು ಬರೆಯುವ ಪಾಡು ಏನೆಂಬುದನ್ನು ಅವರು ಕೆಲವು ವರ್ಷಗಳಿಂದ ಅನುಭವಿಸುತ್ತಿದ್ದಾರೆ.

ವಸ್ತಾರೆ ಚಿಕ್ಕಮಗಳೂರು ತಾಲ್ಲೂಕಿನ ಒಂದು ಹೋಬಳಿಯ ಊರು. ಸುತ್ತಲೂ ಕಾಫಿಯ ತೋಟಗಳು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಅದು ಮರಳಿ ಬರುವ ಹೊತ್ತನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಮೇಷ್ಟರು ಅಲ್ಲಿ ಮನೆ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಾರೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣವಾಗಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿದಾಗ, ಮಕ್ಕಳು ಓದಿನಿಂದ ಪೂರ್ತಿ ಕೈತಪ್ಪಿ ಹೋಗಬಾರದೆಂದು ಅವರೂ ಆಸುಪಾಸಿನ ನಾಲ್ಕಾರು ಮಂದಿ ಉಪಾಧ್ಯಾಯರೂ ಸೇರಿ ಭಾನುವಾರಕ್ಕೊಂದು ರಸಪ್ರಶ್ನೆಯನ್ನು ಆರಂಭಿಸಿದರು. ಗೂಗಲ್ ಫಾರ್ಮಿನಲ್ಲಿ ಇಪ್ಪತ್ತು ಪ್ರಶ್ನೆಗಳು. ಅದರ ಕೊಂಡಿ ವಾಟ್ಸ್‌ಆ್ಯಪಿನಲ್ಲಿ. ಸಿಗ್ನಲ್ ಸಿಕ್ಕದ ಮಕ್ಕಳು ಕೊಡೆ ಹಿಡಿದು ಗುಡ್ಡದ ನೆತ್ತಿಗೆ ಹತ್ತುತ್ತಿದ್ದರು. ಮರುವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯೇ 2021ರ ಜುಲೈ 19 ಮತ್ತು 22, ಹೀಗೆ ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿದುಹೋದ ಮೇಲಂತೂ ನಾಲ್ಕರಲ್ಲೊಂದನ್ನು ಆರಿಸುವ ವಿದ್ಯೆ ಮನೆಮನೆಯ ಮಾತಾಯಿತು. ಕಾಲೇಜು ತೆರೆದರೂ ರಸಪ್ರಶ್ನೆ ನಿಲ್ಲಲಿಲ್ಲ. ಎಲ್ಲರೂ ತಂದು ಸುರಿದ ಪ್ರಶ್ನೆಗಳ ಹಾಳೆ ಕಂಪ್ಯೂಟರಿನಲ್ಲಿ ಉದ್ದವಾಗುತ್ತ ಹೋಯಿತು. ಅದನ್ನು ನೋಡಿಕೊಳ್ಳುವ ಹೊಣೆ ಮೇಷ್ಟರ ಹೆಗಲಿಗೆ ಬಿತ್ತು.

ಇಂತಹ ಸಂಗ್ರಹವನ್ನು 'ಪ್ರಶ್ನೆ ಬ್ಯಾಂಕು' ಎಂದು ಕರೆಯುವ ವಾಡಿಕೆಯುಂಟು. ಹೆಸರಿಟ್ಟವರು ಯಾರೋ, ಸರಿಯಾಗಿ ಯೋಚಿಸಿದಂತೆ ಕಾಣುವುದಿಲ್ಲ. ಬ್ಯಾಂಕಿನಲ್ಲಿಟ್ಟ ಹಣ ಮಲಗಿದ್ದಲ್ಲಿಯೇ ಬಡ್ಡಿ ಕೂಡಿಸಿಕೊಳ್ಳುತ್ತದೆ. ಪ್ರಶ್ನೆಯಾದರೋ ಕಣಜದಲ್ಲಿಟ್ಟ ಭತ್ತದಂತೆ. ಆಗಾಗ ಹೊರಗೆ ತೆಗೆದು, ಬಿಸಿಲಿಗೆ ಹರವಿ, ಹುಳ ಹಿಡಿದಿದೆಯೇ ಎಂದು ನೋಡದಿದ್ದರೆ ಒಳಗೊಳಗೇ ಟೊಳ್ಳಾಗುತ್ತದೆ. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ? 1997ರಲ್ಲಿ ಇದಕ್ಕೆ ಉತ್ತರ 27, 2007ರಲ್ಲಿ 29, ಯಾದಗಿರಿ ಸೇರಿದ ಮೇಲೆ 30, 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ 31. ಕಳಸೇಶ್ವರ ದೇವಾಲಯ ಯಾವ ತಾಲ್ಲೂಕಿನಲ್ಲಿದೆ? ಮೂಡಿಗೆರೆ ಎಂದು ಹಾಳೆಯಲ್ಲಿತ್ತು. ದೇವಾಲಯ ಇದ್ದಲ್ಲಿಂದ ಒಂದಂಗುಲವೂ ಸರಿಯಲಿಲ್ಲ. ಕಳಸವೇ ತಾಲ್ಲೂಕಾಯಿತು, ಉತ್ತರ ಸುಳ್ಳಾಯಿತು. ಹೀಗಾಗಿ ಮೇಷ್ಟರು 'ಈಗಿನ', 'ಇತ್ತೀಚಿನ' ಎಂಬ ಎರಡು ಪದಗಳನ್ನು ಹಾಳೆಯಿಂದ ಹುಡುಕಿ ಹುಡುಕಿ ಹೊರಹಾಕಿ, ಅವು ಇದ್ದಲ್ಲೆಲ್ಲ ಇಸವಿಯನ್ನು ನಮೂದಿಸಿದರು. ಮುಳ್ಳಯ್ಯನಗಿರಿಯ ಎತ್ತರ ಒಂದು ಪುಸ್ತಕದಲ್ಲಿ 1,925 ಮೀಟರು, ಇನ್ನೊಂದರಲ್ಲಿ 1,930. ಐದು ಮೀಟರಿಗಾಗಿ ಮಗುವಿನ ಅಂಕ ಕಳೆಯುವುದು ಬೇಡವೆಂದು ಎತ್ತರವನ್ನು ಬಿಟ್ಟು, ರಾಜ್ಯದ ಅತ್ಯುನ್ನತ ಶಿಖರ ಯಾವುದೆಂದು ಮಾತ್ರ ಕೇಳಿದರು. ಬಾಬಾ ಬುಡನ್ ತಂದ ಏಳು ಬೀಜಗಳ ಪ್ರಶ್ನೆಗೆ 'ಐತಿಹ್ಯದ ಪ್ರಕಾರ' ಎಂಬ ಮಾತನ್ನು ಸೇರಿಸಿದರು.

ಯಂತ್ರದ ಕಾಟ ಬೇರೆ. ಪಕ್ಕದವನನ್ನು ನೋಡಿ ಬರೆಯಬಾರದೆಂದು ಪ್ರತಿಯೊಬ್ಬರಿಗೂ ಆಯ್ಕೆಗಳ ಕ್ರಮವನ್ನು ಅದಲುಬದಲು ಮಾಡಿ ತೋರಿಸುವ ಸೌಕರ್ಯ ಆ ಫಾರ್ಮಿನಲ್ಲಿದೆ. ಒಂದು ವಾರ 'ಮೇಲಿನ ಎಲ್ಲವೂ' ಎಂಬ ಆಯ್ಕೆ ಹಲವರ ಪರದೆಯ ಮೇಲೆ ಎಲ್ಲಕ್ಕಿಂತ ಮೇಲೆಯೇ ಬಂದು ಕುಳಿತಿತು. ಅದರ ಮೇಲೆ ಇದ್ದದ್ದು ಪ್ರಶ್ನೆಯೊಂದೇ! ಮಕ್ಕಳಿಗೆ ವಾರವಿಡೀ ನಗೆಯ ಸರಕು ಸಿಕ್ಕಿತು. ಉತ್ತರವನ್ನು ತಾವೇ ಬೆರಳಚ್ಚಿಸುವ ಪ್ರಶ್ನೆಗಳಲ್ಲಿ ನಗುವಿಗೆ ಎಡೆಯಿರಲಿಲ್ಲ. 'ಮುಳ್ಳಯ್ಯನಗಿರಿ' ಎಂದು ಕೂಡಿಸಿ ಬರೆದವರಿಗೆ ಅಂಕ, 'ಮುಳ್ಳಯ್ಯನ ಗಿರಿ' ಎಂದು ಬಿಡಿಸಿ ಬರೆದವರಿಗೆ ಸೊನ್ನೆ. ಇಸವಿಯನ್ನು ಕನ್ನಡದ ಅಂಕಿಗಳಲ್ಲಿ ಶ್ರದ್ಧೆಯಿಂದ ಬರೆದ ಹುಡುಗನಿಗೂ ಸೊನ್ನೆ. ಯಂತ್ರಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಒಪ್ಪಬಹುದಾದ ರೂಪಗಳನ್ನೆಲ್ಲ ಮೊದಲೇ ಬರೆದುಕೊಡಬೇಕು.

ಅನುವಾದದ ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಸಂಗ್ರಹಕ್ಕೆ ಪ್ರಶ್ನೆ ಕಳಿಸುವವರಲ್ಲಿ ಕೆಲವರು ಇಂಗ್ಲಿಷಿನ ಪ್ರಶ್ನೆಗಳನ್ನು ಯಂತ್ರಕ್ಕೆ ಕೊಟ್ಟು, ಅದು ಉಗುಳಿದ ಕನ್ನಡವನ್ನೇ ಕಳಿಸಿಬಿಡುತ್ತಾರೆ. ಕಾಫಿಯ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಬೀಜಕ್ಕೆ ಮಲೆನಾಡಿನಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಾರೆ. ತೋಟದ ಆಳಿನಿಂದ ಯಜಮಾನರವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಯಂತ್ರ ಅದನ್ನು 'ಚರ್ಮದ ಕಾಗದ' ಮಾಡಿತ್ತು. ಮನೆಯಂಗಳದ ರಸಪ್ರಶ್ನೆಯಲ್ಲಿ ಇದು ವಿನೋದ. ಜೀವನ ನಿಂತಿರುವ ಪರೀಕ್ಷೆಯಲ್ಲಿ ಅಲ್ಲ. ಕರ್ನಾಟಕ ಲೋಕಸೇವಾ ಆಯೋಗವು 2024ರ ಆಗಸ್ಟ್ 27ರಂದು ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗಾಗಿ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ದೋಷಗಳನ್ನು ಕುರಿತು ಕೂಗೆದ್ದು, ಸರ್ಕಾರ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಮೇಲೂ ಅದೇ ದೂರು ಬಂದಿತು. ಕನ್ನಡದಲ್ಲಿಯೇ ಓದಿ, ಕನ್ನಡದಲ್ಲಿಯೇ ಬರೆಯಹೊರಟವನು ಪ್ರಶ್ನೆಯ ಅರ್ಥವನ್ನು ತಿಳಿಯಲು ಪಕ್ಕದ ಇಂಗ್ಲಿಷನ್ನು ಇಣುಕಬೇಕಾಗಿ ಬಂದರೆ ಅವನ ಪರೀಕ್ಷೆ ಯಾವುದರಲ್ಲಿ ನಡೆಯಿತೆಂದು ಹೇಳಬೇಕು? ಅಂದಿನಿಂದ ಮೇಷ್ಟರ ಹಾಳೆಗೆ ಯಂತ್ರದ ಕನ್ನಡ ನೇರವಾಗಿ ಬರುವಂತಿಲ್ಲ.

ಇಷ್ಟೆಲ್ಲ ಕಾವಲಿದ್ದರೂ ಒಂದು ಪ್ರಶ್ನೆ ನುಸುಳಿತು. 'ಕುವೆಂಪು ಅವರ ಜನ್ಮಸ್ಥಳ ಯಾವುದು?' ಯಾವುದೋ ಗೈಡಿನಿಂದ ಹೊರಟು ಇನ್ನಾರದೋ ಕೈಯಿಂದ ಸಂಗ್ರಹಕ್ಕೆ ಬಂದದ್ದು. ಆಯ್ಕೆಗಳು: ಕುಪ್ಪಳಿ, ಶಿವಮೊಗ್ಗ, ಹಿರೇಕೊಡಿಗೆ, ಮೈಸೂರು. ಸರಿಯುತ್ತರವೆಂದು ಗುರುತಾಗಿದ್ದದ್ದು ಕುಪ್ಪಳಿ.

ಪರೀಕ್ಷಾಶಾಸ್ತ್ರದಲ್ಲಿ ಒಂದು ಹಳೆಯ ಉಪಾಯವಿದೆ. ಒಟ್ಟು ಅಂಕಗಳಲ್ಲಿ ಮೇಲಿರುವ ನೂರಕ್ಕೆ 27 ಮಂದಿಯನ್ನೂ ಕೆಳಗಿರುವ ನೂರಕ್ಕೆ 27 ಮಂದಿಯನ್ನೂ ಎರಡು ಗುಂಪು ಮಾಡಿ, ಒಂದೊಂದು ಪ್ರಶ್ನೆಗೂ ಯಾವ ಗುಂಪು ಹೆಚ್ಚು ಸರಿಯುತ್ತರ ಕೊಟ್ಟಿತೆಂದು ನೋಡುವುದು. ಈ 27ರ ಲೆಕ್ಕವನ್ನು ಅಮೆರಿಕದ ಟ್ರೂಮನ್ ಕೆಲ್ಲಿ ಎಂಬ ವಿದ್ವಾಂಸರು 1939ರಲ್ಲಿ ಸಾಧಿಸಿ ತೋರಿಸಿದರು. ಬಲ್ಲವರೇ ಹೆಚ್ಚಾಗಿ ಎಡವಿ, ಅರಿಯದವರು ದಾಟಿಹೋದ ಪ್ರಶ್ನೆಯಿದ್ದರೆ ಸಂಶಯಪಡಬೇಕಾದದ್ದು ಮಕ್ಕಳನ್ನಲ್ಲ, ಪ್ರಶ್ನೆಯನ್ನು. ಸೋಮವಾರ ಸಂಜೆ ಮೇಷ್ಟರು ಲೆಕ್ಕ ಹಾಕಿದಾಗ ಕುವೆಂಪು ಪ್ರಶ್ನೆ ಹಾಗೆ ತಲೆಕೆಳಗಾಗಿ ನಿಂತಿತ್ತು. ಅವರು ಪುಸ್ತಕ ತೆಗೆದು ನೋಡುವ ಮೊದಲೇ, ಮರುದಿನ ಬೆಳಗ್ಗೆ ಹುಡುಗಿಯೊಬ್ಬಳು ಬಸ್ ನಿಲ್ದಾಣದಲ್ಲಿ ಕಾದುನಿಂತಿದ್ದಳು.

"ಸಾರ್, ಕುವೆಂಪು ಹುಟ್ಟಿದ್ದು ಅವರ ತಾಯಿಯ ತವರಿನಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ನಮ್ಮ ಅಮ್ಮನ ಊರೂ ಆ ಕಡೆಯೇ. ಕುಪ್ಪಳಿ ಅವರು ಬೆಳೆದ ಮನೆ ಸಾರ್."

ಹುಡುಗಿಯ ಮಾತು ನಿಜ. 1904ರ ಡಿಸೆಂಬರ್ 29ರಂದು ಕವಿ ಜನಿಸಿದ್ದು ಹಿರೇಕೊಡಿಗೆಯಲ್ಲಿಯೇ. ಆದರೆ ಫಲಿತಾಂಶ ಆಗಲೇ ಪ್ರಕಟವಾಗಿತ್ತು. ಕುಪ್ಪಳಿ ಎಂದು ಒತ್ತಿದ ಹುಡುಗನೊಬ್ಬ ಇಪ್ಪತ್ತಕ್ಕೆ ಹತ್ತೊಂಬತ್ತು ಪಡೆದು ಮೊದಲನೆಯವನಾಗಿದ್ದ; ಬಹುಮಾನದ ನಿಘಂಟು ಅವನ ಕೈ ಸೇರಿತ್ತು. ಈ ಹುಡುಗಿಗೆ ಹದಿನೆಂಟು. ಸಹೋದ್ಯೋಗಿಗಳು, "ಎಲ್ಲರಿಗೂ ಒಂದೊಂದು ಅಂಕ ಕೊಟ್ಟುಬಿಡಿ, ಗಲಾಟೆಯೇ ಇರುವುದಿಲ್ಲ" ಎಂದರು. ಹಾಗೆ ಮಾಡಿದರೆ ಇಬ್ಬರಿಗೂ ಹತ್ತೊಂಬತ್ತು. ತಿಳಿದವಳಿಗೂ ತಿಳಿಯದವನಿಗೂ ಒಂದೇ ತೂಕ. ಉತ್ತರವನ್ನು ತಿದ್ದಿ ಮತ್ತೆ ಎಣಿಸಿದರೆ ಹುಡುಗಿ ಮೇಲೆ, ಹುಡುಗ ಕೆಳಗೆ. ಅಷ್ಟರಲ್ಲಿ ಸುದ್ದಿ ಹೇಗೋ ಹಬ್ಬಿ, ತೋಟವೊಂದರಲ್ಲಿ ರೈಟರಾಗಿದ್ದ ಹುಡುಗನ ತಂದೆಯ ಫೋನು ಬಂತು. "ಮೇಷ್ಟ್ರೇ, ಅವನು ಪುಸ್ತಕದಲ್ಲಿದ್ದದ್ದನ್ನೇ ಒತ್ತಿದ್ದಾನೆ. ಕೊಟ್ಟ ಅಂಕವನ್ನು ಕಿತ್ತುಕೊಂಡರೆ ಮಗು ನಾಳೆ ಯಾವ ಪುಸ್ತಕವನ್ನು ನಂಬಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾಲ್ಕು ಆಯ್ಕೆಗಳಿರಲಿಲ್ಲ. ಎರಡು ದಿನ ಮೇಷ್ಟರು ಯಾವ ತೀರ್ಮಾನಕ್ಕೂ ಬರಲಾರದೆ ಊಟದ ಹೊತ್ತಿನಲ್ಲೂ ಮೌನವಾಗಿದ್ದರು. ಅವರ ಮನೆಯವರೇ ಕೊನೆಗೆ ಕೇಳಿದರು: "ಅಪ್ಪನ ಹತ್ತಿರ ಮಾತಾಡಿದಿರಿ, ಸಹೋದ್ಯೋಗಿಗಳ ಹತ್ತಿರ ಮಾತಾಡಿದಿರಿ. ಆ ಹುಡುಗನನ್ನು ಒಂದು ಮಾತು ಕೇಳಿದಿರಾ?"

ಕೇಳಿರಲಿಲ್ಲ. ಮರುದಿನ ಹುಡುಗನನ್ನು ಗ್ರಂಥಾಲಯಕ್ಕೆ ಕರೆದು, ಪುಸ್ತಕವನ್ನು ಅವನ ಮುಂದಿಟ್ಟು, ಪುಟವನ್ನು ತೋರಿಸದೆ ಅವನೇ ಹುಡುಕಲಿ ಎಂದು ಬಿಟ್ಟರು. ಅವನು ಹುಡುಕಿ ಓದಿದ. ಇನ್ನೊಂದು ಪುಸ್ತಕವನ್ನು ತಾನೇ ಎಳೆದು ಅದರಲ್ಲೂ ನೋಡಿದ. ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತು, "ಅಂಕ ಅವಳಿಗೇ ಹೋಗಬೇಕು ಸಾರ್. ಆದರೆ ಅಪ್ಪನಿಗೆ ಮಾತ್ರ ನೀವೇ ಹೇಳಬೇಕು" ಎಂದ.

ಮೇಷ್ಟರು ಭಾನುವಾರ ತೋಟದ ದಾರಿ ಹಿಡಿದು ರೈಟರ ಮನೆಗೆ ನಡೆದುಹೋದರು. ರೈಟರು ಹೆಚ್ಚು ಮಾತಾಡಲಿಲ್ಲ. ಕಾಫಿ ಕೊಟ್ಟು, ನಿಘಂಟನ್ನು ಹೊರಗೆ ತಂದಿಟ್ಟರು. ಅದನ್ನು ಹಿಂದಕ್ಕೆ ಪಡೆಯುವಷ್ಟು ಕಠಿಣ ಮನಸ್ಸು ಮೇಷ್ಟರಿಗಿರಲಿಲ್ಲ. ಚಿಕ್ಕಮಗಳೂರಿನಿಂದ ಮತ್ತೊಂದನ್ನು ತರಿಸಿ ಹುಡುಗಿಗೆ ಕೊಟ್ಟರು. ಅಂಕಗಳನ್ನು ತಿದ್ದಿ, ತಿದ್ದಿದ್ದಕ್ಕೆ ಕಾರಣವನ್ನೂ ಬರೆದು, ಎಲ್ಲ ಮಕ್ಕಳಿಗೂ ಕಳಿಸಿದರು.

ಈಗ ಆ ಹಾಳೆಯಲ್ಲಿ ಪ್ರತಿಯೊಂದು ಪ್ರಶ್ನೆಯ ಪಕ್ಕದಲ್ಲೂ ಆಧಾರಗ್ರಂಥ, ಅದನ್ನು ಕಡೆಯ ಬಾರಿ ಪರಿಶೀಲಿಸಿದ ತಿಂಗಳು, ಇವುಗಳ ಜೊತೆಗೆ 'ದೋಷ ತೋರಿಸಿದವರು' ಎಂಬ ಒಂದು ಹೊಸ ಅಂಕಣವಿದೆ. ಅಲ್ಲಿ ಮೊದಲ ಹೆಸರು ಆ ಹುಡುಗಿಯದು. ಮೂರು ವಾರಗಳ ಅನಂತರ ಎರಡನೆಯ ಹೆಸರು ಬಂತು. ಸಿಪ್ಪೆಸಹಿತ ಒಣಗಿಸಿದ ಕಾಫಿಯನ್ನು ಕುರಿತ ಹಳೆಯ ಪ್ರಶ್ನೆಯೊಂದರಲ್ಲಿ ಯಾರೋ 'ಚೆರಿ ಹಣ್ಣು' ಎಂದು ಬರೆದಿದ್ದರು. ರೈಟರ ಮಗ ಸಂದೇಶ ಕಳಿಸಿದ್ದ: "ಸಾರ್, ನಮ್ಮ ಕಣದಲ್ಲಿ ಒಣಗುತ್ತಿರುವುದು ಚೆರಿ ಕಾಫಿ. ಚೆರಿ ಹಣ್ಣು ಬೇಕಾದರೆ ಬೇಕರಿಗೆ ಹೋಗಬೇಕು ಎಂದು ಅಪ್ಪ ಹೇಳುತ್ತಾರೆ."