ತಂಗಿಯ ಸೈಕಲ್ಲು

ನೀಲಗಿರಿಯ ತಪ್ಪಲಿನ ಮೆಟ್ಟುಪಾಳ್ಯಂ ನಮ್ಮ ಊರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ತಂದೆಯವರು ಸಮೀಪದ ಸಿರುಮುಗೈಯಲ್ಲಿ ಗುಂಡಿಮಗ್ಗದ ನೇಕಾರರಾಗಿದ್ದರು.

ನಮ್ಮ ತಂಗಿಗೆ ಹದಿನೆಂಟು ತುಂಬಿದಾಗ ಅವಳ ಎತ್ತರ 3 ಅಡಿ 9 ಅಂಗುಲ. ಹುಟ್ಟಿನಿಂದಲೇ ಅವಳ ಮೈಕಟ್ಟು ಹಾಗೆ. ಹೊಲಿಗೆ ಕಲಿಯಲು ಹೋಗುವಾಗ ನಾವಿಬ್ಬರು ಅಣ್ಣಂದಿರು ಸರದಿಯಂತೆ ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆವು. ಒಂದು ದಿನ ಇಬ್ಬರಿಗೂ ಬಿಡುವಿಲ್ಲದೆ ಅವಳ ಪಾಠ ತಪ್ಪಿತು. “ಅಣ್ಣಾ, ನಿಮಗೆ ಬಿಡುವಿದ್ದಾಗ ಮಾತ್ರ ನಾನು ಹೊರಗೆ ಹೋಗಬೇಕೇ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

20 ಅಂಗುಲ ಚಕ್ರದ ಮಕ್ಕಳ ಸೈಕಲ್ ತಂದೆವು. ಎತ್ತರ ಮಗುವಿನದಾದರೂ ಅವಳ ಮೈ ಬೆಳೆದವರದು. ಕೈಕಾಲುಗಳು ಮಾತ್ರ ಗಿಡ್ಡ. ಸೀಟನ್ನು ಪೂರ್ತಿ ಇಳಿಸಿದರೂ ಪೆಡಲ್ ಎಟುಕಲಿಲ್ಲ. ಕಾಲೆಟುಕದವರು ಮಗ್ಗಕ್ಕೆ ಕುಳಿತರೆ ತಂದೆಯವರು ತುಳಿಯುವ ಹಲಗೆಗೆ ಮರದ ತುಂಡು ಕಟ್ಟುತ್ತಿದ್ದರು. ನಾವೂ ಪೆಡಲಿಗೆ ದಪ್ಪ ಮರ ಕಟ್ಟಿದೆವು. ಪಾದ ಕೆಳಗೇನೋ ಎಟುಕಿತು. ಮೇಲೆ ಬಂದಾಗ ಮೊಣಕಾಲು ಹೊಟ್ಟೆಗೆ ಒತ್ತಿತು. ತಂಗಿ ಬಿದ್ದಳು.

ತಂದೆಯವರು ನೋಡಿ ಹೇಳಿದರು: “ಮಗ್ಗದಲ್ಲಿ ಕಾಲು ಒತ್ತಿದರೆ ಸಾಕು. ಇಲ್ಲಿ ಪೂರ್ತಿ ಸುತ್ತಬೇಕು. ಆ ಸುತ್ತನ್ನೇ ಚಿಕ್ಕದು ಮಾಡಿ.”

ಪೆಡಲನ್ನು ಹಿಡಿದಿರುವ ಕ್ರ್ಯಾಂಕ್ 140 ಮಿ.ಮೀ. ಉದ್ದವಿತ್ತು, ಪಾದ ಮೇಲಿನಿಂದ ಕೆಳಕ್ಕೆ 280 ಮಿ.ಮೀ. ಚಲಿಸಬೇಕಿತ್ತು. ಲೇತ್ ಅಂಗಡಿಯೊಂದರಲ್ಲಿ ಕ್ರ್ಯಾಂಕಿಗೆ ಉಕ್ಕಿನ ಪಟ್ಟಿ ಬೆಸೆಸಿ, 100 ಮಿ.ಮೀ. ದೂರದಲ್ಲಿ ಹೊಸ ರಂಧ್ರ ಕೊರೆಸಿದೆವು. ಚಲನೆ 200ಕ್ಕೆ ಇಳಿಯಿತು. ಪೆಡಲಿಗೆ ತೆಳುವಾದ ಮರವೇ ಸಾಕಾಯಿತು. ಮೊದಲ ದಿನವೇ ಎಡ ಪೆಡಲ್ ಕಳಚಿಬಿತ್ತು. ಎಡಗಡೆಯ ತಿರುಪು ಬಲಗಡೆಯದಕ್ಕೆ ವಿರುದ್ಧವಾಗಿರಬೇಕೆಂಬುದನ್ನು ನಾವು ಮರೆತಿದ್ದೆವು. ಅದನ್ನು ಸರಿಪಡಿಸಿದೆವು. ಕ್ರ್ಯಾಂಕ್ ಗಿಡ್ಡವಾದರೆ ಹೆಚ್ಚು ಬಲ ಹಾಕಿ ತುಳಿಯಬೇಕಾಗುತ್ತದೆ. ಆದ್ದರಿಂದ ಹಿಂಚಕ್ರಕ್ಕೆ ಹೆಚ್ಚು ಹಲ್ಲುಗಳ ಫ್ರೀವೀಲ್ ಹಾಕಿಸಿದೆವು. ಹ್ಯಾಂಡಲನ್ನು ಅವಳತ್ತ ತಿರುಗಿಸಿ, ಬ್ರೇಕಿನ ಹಿಡಿಯನ್ನು ಬೆರಳಿಗೆ ಸಿಗುವಷ್ಟು ಸಮೀಪಕ್ಕೆ ತಂದೆವು.

ಒಂದು ಭಾನುವಾರ ಅವಳು ಎಲ್ಲಿಗೆಂದು ಹೇಳದೆ ಹೊರಟಳು. ಹಿಂದೆಯೇ ಹೋಗಲು ನಾವು ಸೈಕಲ್ ತೆಗೆದಾಗ ತಂದೆಯವರು ತಡೆದರು. ಮಧ್ಯಾಹ್ನದವರೆಗೆ ನಾವು ಬಾಗಿಲು ಬಿಟ್ಟು ಕದಲಲಿಲ್ಲ.

ಬೆವರಿಳಿಯುತ್ತ ಬಂದಳು. ಬೆಟ್ಟದ ರೈಲಿನ ಹಲ್ಲುಹಳಿ ಆರಂಭವಾಗುವ ಕಲ್ಲಾರಿನವರೆಗೆ ಹೋಗಿದ್ದಳಂತೆ. ಚೀಲದಿಂದ ಮ್ಯಾಂಗೋಸ್ಟೀನ್ ಹಣ್ಣು ತೆಗೆದು ನಮಗೆ ಒಂದೊಂದು ಕೊಟ್ಟಳು. “ದಾರಿ ಚೆನ್ನಾಗಿದೆ ಅಣ್ಣಾ, ನೀವೂ ಒಮ್ಮೆ ಹೋಗಿಬನ್ನಿ” ಎಂದಳು.