ಬಂದರಿನ ಬಾಗಿಲಲ್ಲಿ

ಹೊನ್ನಾವರದ ಕಡೆ ದೋಣಿ ಮಗುಚಿದ ಸುದ್ದಿ ಬಂದರೆ ಹಿರಿಯರು ಮೊದಲು ಕೇಳುವುದು, “ಅಳಿವೆಯಲ್ಲೋ?” ಎಂದು, ಅಂದರೆ ನದಿ ಕಡಲು ಸೇರುವ ಬಾಯಲ್ಲೋ ಎಂದು. ಮಾತಿಗೆ ಮಾತು ಬಂದು ಇದನ್ನು ನಾನು ವಿಕ್ ಊರಿನಲ್ಲಿ, ನಾನು ಇಳಿದುಕೊಂಡಿದ್ದ ಮನೆಯ ಮುದುಕರಿಗೆ ಹೇಳಿದೆ. ವಿಕ್ ಇರುವುದು ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಕೇತ್‌ನೆಸ್ ಸೀಮೆಯಲ್ಲಿ. ನವೆಂಬರ್ ತಿಂಗಳು, ನಾಲ್ಕೂವರೆಗೇ ಕತ್ತಲಾಗಿತ್ತು. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳು ಬೆಂಕಿಗೂಡಿನಲ್ಲಿ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುತ್ತಿದ್ದವು. ಮುದುಕರು ವಯಸ್ಸಿನಲ್ಲಿ ಮೀನು ಹಿಡಿದವರು. ನಾನು ಮನಸ್ಸಿನಲ್ಲೇ ಅವರನ್ನು ಅಜ್ಜ ಅನ್ನುತ್ತಿದ್ದೆ. “ಹಾಗಾದರೆ ನಿನಗೆ ನಮ್ಮ 1848ರ ಕಥೆ ಬಿಡಿಸಿ ಹೇಳಬೇಕಾಗಿಲ್ಲ,” ಅಂದರು. ಅಂದಮೇಲೆ ಬಿಡಿಸಿಯೇ ಹೇಳಿದರು.

ಆ ಕಾಲದ ವಿಕ್ ಎಂದರೆ ಹೆರಿಂಗ್. ನಮ್ಮ ತಾರ್ಲೆ, ಬೂತಾಯಿಗಳ ದಾಯಾದಿ ಮೀನು ಅದು. ಬಂದರೆ ಹಿಂಡುಹಿಂಡಾಗಿ, ಬೇಸಿಗೆಯ ಕೆಲವೇ ವಾರ. ಊರಿನ ನದಿಯ ದಕ್ಷಿಣ ದಡದಲ್ಲಿ ಥಾಮಸ್ ಟೆಲ್‌ಫೋರ್ಡ್ ಎಂಬ ಎಂಜಿನಿಯರ್ ಬ್ರಿಟಿಷ್ ಫಿಶರೀಸ್ ಸೊಸೈಟಿಗಾಗಿ ಮೀನಿಗೆಂದೇ ಒಂದು ಊರನ್ನೂ ಬಂದರನ್ನೂ ರೂಪಿಸಿದ್ದ. ಅದು ಪಲ್ಟ್ನಿಟೌನ್. ಸೀಸನ್ ಬಂತೆಂದರೆ ದೂರದ ದ್ವೀಪಗಳಿಂದ ಹೆಂಗಸರು ಬಂದು ಇಳಿಯುತ್ತಿದ್ದರು. ಮೂವರದೊಂದು ತಂಡ: ಇಬ್ಬರು ಮೀನು ಸೀಳಿ ಕರುಳು ತೆಗೆಯುವವರು, ಒಬ್ಬಳು ಪೀಪಾಯಿಗೆ ಒಂದು ಪದರ ಮೀನು, ಒಂದು ಪದರ ಉಪ್ಪು ಹಾಕಿ ತುಂಬುವವಳು. ಚೂರಿ ತಾಗದಿರಲಿ ಎಂದು ಬೆರಳುಗಳಿಗೆ ಬಟ್ಟೆಚೂರು ಸುತ್ತಿಕೊಳ್ಳುತ್ತಿದ್ದರು. ತಾಗಿದ ಕಡೆ ಉಪ್ಪು ಹೊಕ್ಕು ಗಾಯ ಮಾಯುತ್ತಿರಲಿಲ್ಲ. ಆ ಬೆರಳುಗಳ ಫೋಟೋಗಳನ್ನು ಈಗಲೂ ಊರಿನ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಜಾನ್‌ಸ್ಟನ್ ಎಂಬ ಮನೆತನದವರು ಮೂರು ತಲೆಮಾರು ಊರಿನ ಫೋಟೋ ತೆಗೆದಿಟ್ಟಿದ್ದಾರೆ.

1848ರ ಆಗಸ್ಟ್ 18, ಶುಕ್ರವಾರ. ವಿಕ್‌ನಿಂದ ಸ್ಟೋನ್‌ಹೇವನ್‌ವರೆಗಿನ ಕರಾವಳಿಯಿಂದ ಸುಮಾರು 800 ದೋಣಿಗಳು ಮಧ್ಯಾಹ್ನದ ಮೇಲೆ ಹೊರಟವು. ಹವೆ ಅಷ್ಟೇನೂ ಕೆಟ್ಟಂತೆ ಕಾಣಲಿಲ್ಲ. ಎಲ್ಲವೂ ತೆರೆದ ದೋಣಿಗಳು, ಮೇಲೆ ಅಟ್ಟಣೆ ಇಲ್ಲ. ಅಲೆಯೊಂದು ಒಳಗೆ ಬಿತ್ತೆಂದರೆ ನೀರು ಒಳಗೇ. ರಾತ್ರಿ ಬಲೆ ಬಿಟ್ಟು ಕಾಯುವುದು, ಬೆಳಗಾಗುತ್ತಲೇ ಎಳೆದುಕೊಂಡು ಬರುವುದು, ಇದು ಕ್ರಮ. ನಡುರಾತ್ರಿಯ ಹೊತ್ತಿಗೆ ಆಗ್ನೇಯದಿಂದ ಗಾಳಿ ಎದ್ದಿತು. ಬುದ್ಧಿವಂತರು, ಅಥವಾ ಅಳ್ಳೆದೆಯವರು, ಬಲೆ ಎಳೆದು ತಿರುಗಿದರು. ಉಳಿದವರಿಗೆ ಬಲೆ ಬಿಟ್ಟು ಬರಲು ಮನಸ್ಸಿಲ್ಲ. ಬಲೆಯೆಂದರೆ ವರ್ಷದ ಸಾಲ.

“ಇಲ್ಲಿಂದ ನೀರಿನ ಲೆಕ್ಕ ಹಿಡಿ,” ಅಂದರು ಅಜ್ಜ, ಕೈಯಲ್ಲಿದ್ದ ಇಕ್ಕಳದಿಂದ ನೆಲದ ಮೇಲೆ ಬಂದರಿನ ಆಕಾರ ಗೀಚುತ್ತ. ಭರತ ತುಂಬಿದ್ದು ರಾತ್ರಿ ಒಂದೂವರೆಗೆ. ಅಷ್ಟರೊಳಗೆ ಬಂದವರು ಒಳಗಾದರು. ಆಮೇಲೆ ಇಳಿತ ಶುರು. ಮೂರು ಗಂಟೆಗೆ ಬಿರುಗಾಳಿ, ಮಳೆ, ಬಂದರಿನ ಬಾಯಲ್ಲಿ ಐದು ಅಡಿ ನೀರೂ ಇಲ್ಲ. ಹೊರಗೆ ಎದ್ದು ಬರುವ ಅಲೆ, ಒಳಗೆ ತಳ ಕಾಣುವ ಬಂದರು. ಹುಟ್ಟುಹಾಕಿಕೊಂಡು ಬಂದ ದೋಣಿಗಳು ಕೆಲವು ಕಟ್ಟೆಯ ಬೆನ್ನಿಗೆ ಅಪ್ಪಳಿಸಿದವು, ಕೆಲವು ಮರಳುದಿಬ್ಬದ ಮೇಲೆ ತುಂಬಿ ಮುಳುಗಿದವು. ವಿಕ್‌ನಲ್ಲಿ ಸತ್ತ 37 ಮಂದಿಯಲ್ಲಿ 25 ಜನ ಹೋಗಿದ್ದು ಹೀಗೆ, ಬಂದರಿಗೆ ನುಗ್ಗುವ ಯತ್ನದಲ್ಲೇ. ಕರಾವಳಿಯುದ್ದಕ್ಕೂ ಒಟ್ಟು ನೂರು ಜನ, ದೋಣಿಗಳು 124.

ಅಜ್ಜ ಇಕ್ಕಳ ಕೆಳಗಿಟ್ಟರು. ಸಮುದ್ರವನ್ನು ಒಮ್ಮೆಯೂ ಬೈಯಲಿಲ್ಲ. ಬೈದದ್ದೆಲ್ಲ ಬಂದರಿಗೆ.

ಬೈಗುಳಕ್ಕೆ ದಾಖಲೆಯೂ ಉಂಟು. ನೌಕಾಪಡೆಯ ಕ್ಯಾಪ್ಟನ್ ಜಾನ್ ವಾಷಿಂಗ್‌ಟನ್ ವಿಚಾರಣೆ ನಡೆಸಿ 1849ರಲ್ಲಿ ವರದಿ ಕೊಟ್ಟ. ಇಳಿತದಲ್ಲೂ ದೋಣಿ ಹೊಗುವಂಥ ಬಂದರುಗಳು ಬೇಕು, ದೋಣಿಗಳಿಗೆ ಅಟ್ಟಣೆ ಬೇಕು ಎಂದ. ಮೀನುಗಾರರಿಗೆ ಕೂಲಿಯ ಒಂದು ಪಾಲನ್ನು ವಿಸ್ಕಿಯಾಗಿ ಕೊಡುವ ವ್ಯಾಪಾರಿಗಳ ಪದ್ಧತಿಯನ್ನೂ ಅವನು ಟೀಕಿಸದೆ ಬಿಡಲಿಲ್ಲ. ಅಟ್ಟಣೆಯ ಮಾತಿಗೆ ಮೀನುಗಾರರೇ ತಕರಾರು ತೆಗೆದರು: ಬಲೆಗೆ ಜಾಗ ಸಾಲದು, ಭಾರ ಹೆಚ್ಚು, ಮೇಲೆ ನಿಂತವನು ಜಾರಿ ಬಿದ್ದರೆ? ಹೊರಗಿನಿಂದ ಬಂದ ಅಧಿಕಾರಿ ಹೇಳಿದ್ದಕ್ಕೆಲ್ಲ ಹೂಂ ಅನ್ನದಿರುವುದು ಕಡಲ ಜನರ ಹುಟ್ಟುಗುಣವೇನೋ. ಅಟ್ಟಣೆ ಬಂತು, ನಿಧಾನವಾಗಿ ಬಂತು.

ಬಂದರಿನ ಪಾಡು ಇನ್ನೂ ಬೇರೆ. 1863ರಲ್ಲಿ ಥಾಮಸ್ ಸ್ಟೀವನ್‌ಸನ್ ಕೊಲ್ಲಿಯ ಬಾಯಿಗೆ ದೊಡ್ಡ ಅಲೆತಡೆಗೋಡೆ ಕಟ್ಟಲು ತೊಡಗಿದ. ದೀಪಸ್ತಂಭಗಳನ್ನು ಕಟ್ಟಿ ಹೆಸರಾದ ಮನೆತನ ಅವನದು. ಮಗನಿಗೂ ಕೆಲಸ ಬರಲೆಂದು 1868ರಲ್ಲಿ ಇಲ್ಲಿಗೆ ಕಳುಹಿಸಿದ. ಹುಡುಗ ಮುಳುಗುಗಾರರ ಉಡುಪು ತೊಟ್ಟು ಸಮುದ್ರದ ತಳಕ್ಕೂ ಇಳಿದು ನೋಡಿದ, ಆದರೆ ಎಂಜಿನಿಯರ್ ಆಗಲಿಲ್ಲ. ಮುಂದೆ ‘ಟ್ರೆಷರ್ ಐಲ್ಯಾಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಅವನೇ. 1872ರ ಬಿರುಗಾಳಿ ಗೋಡೆಯ ತುದಿಯಿಂದ 1,350 ಟನ್ ತೂಕದ ಕಲ್ಲು-ಕಾಂಕ್ರೀಟನ್ನು ಒಂದೇ ತುಂಡಾಗಿ ಎತ್ತಿ ಪಕ್ಕಕ್ಕೆ ಹಾಕಿತು. ಆ ಜಾಗದಲ್ಲಿ 2,600 ಟನ್ನಿನದನ್ನು ಕೂರಿಸಿದರು. 1877ರಲ್ಲಿ ಅದೂ ಹೋಯಿತು. ಮತ್ತೆ ಆ ಗೋಡೆಯನ್ನು ಕಟ್ಟುವ ಗೋಜಿಗೆ ಹೋಗಲಿಲ್ಲ.